ನನ್ನ ಅಮ್ಮನಿಗೆ ನನಗಿಂತ ಮೊದಲು ನೀರು ಕೊಟ್ಟವನು

ಓದುವ ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವನು. ಅಕ್ಷರ ಸರಿಯಾಗಿ ಕಲಿತದ್ದು ಮೀಸೆ ಬಂದ ಮೇಲೆ, ಅಲ್ಲಿಯ ಕನ್ನಡ ರಾತ್ರಿ ಶಾಲೆಯಲ್ಲಿ. ಈಗ ಬಹರೈನಿನಲ್ಲಿ ಕೂತು ಫೋನಿನ ಮೇಲೆ ಒಂದೇ ಬೆರಳಿನಿಂದ ಒತ್ತಿ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಅಲ್ಪಪ್ರಾಣ ಮಹಾಪ್ರಾಣ ಹೆಚ್ಚುಕಡಿಮೆ ಆಗಿದ್ದರೆ, ಹಿಂದಿನದು ಮುಂದೆ ಬಂದಿದ್ದರೆ, ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಬರೆಯುವುದು ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ಸೆಕ್ಯೂರಿಟಿಯಾಗಿದ್ದ ಒಬ್ಬನ ಬಗ್ಗೆ. ಆಫ್ರಿಕಾದ ಪಡುವಣ ದಿಕ್ಕಿನಲ್ಲಿರುವ ಘಾನಾ ದೇಶದವನು. ಹೆಚ್ಚುಕಡಿಮೆ ನನ್ನದೇ ಪ್ರಾಯ. ಆರು ತಿಂಗಳ ಹಿಂದೆ ಕೆಲಸ ಬಿಟ್ಟು ಊರಿಗೆ ಹೋದವನು ಅಲ್ಲಿಯೇ ತೀರಿಕೊಂಡ ಎಂದು ಹೋದ ತಿಂಗಳು ಸುದ್ದಿ ಬಂತು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಅವನೇ ಹೇಳಿದ್ದು. ತೀರಿಕೊಂಡವರ ಹೆಸರನ್ನು ಕೈಯಲ್ಲಿ ನೀರು ಹಿಡಿದು ಕರೆಯಬೇಕಂತೆ. ಬರಿಗೈಯಲ್ಲಿ ಕರೆದರೆ ಅವರು ಬಂದು, ಬಾಯಾರಿಕೊಂಡೇ ತಿರುಗಿ ಹೋಗುತ್ತಾರಂತೆ. ಈಗ ನನ್ನ ಕೈಯಲ್ಲಿರುವುದು ಫೋನು. ಹಾಗಾಗಿ ಹೆಸರು ಬೇಡ, 'ಅವನು' ಸಾಕು.

ಸತ್ತವರ ಬಗ್ಗೆ ಬರೆಯುವಾಗ ಒಳ್ಳೆಯವರಾಗಿದ್ದರು, ನಗುನಗುತ್ತ ಇದ್ದರು ಎಂದು ಬರೆಯುವ ಕ್ರಮ ಇದೆ. ಅವನು ಒಳ್ಳೆಯವನೇ. ನಗುತ್ತಲೂ ಇದ್ದ. ಆದರೆ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಇತ್ತು. ಅವನು ಸತ್ತ ಮೇಲೆಯೂ ಅದು ಹೋಗಲಿಲ್ಲ. ಅದನ್ನು ಬಿಟ್ಟು ಬರೆದರೆ ಅವನ ಚಿತ್ರ ಅರ್ಧವಾಗುತ್ತದೆ.

ಬಹರೈನಿನ ಮಾಹೂಝ್ ಬಡಾವಣೆಯ ಆ ಬಿಲ್ಡಿಂಗಿನಲ್ಲಿ ನಾನು ಅವನಿಗಿಂತ ಹಳಬ. ನಲ್ಲಿ ಸೋರಿದರೆ ನಾನು, ಏಸಿ ತೊಟ್ಟಿಕ್ಕಿದರೆ ನಾನು, ಲಿಫ್ಟ್ ಕೈಕೊಟ್ಟರೆ ಕಂಪೆನಿಗೆ ಫೋನು ಮಾಡುವವನೂ ನಾನು. ಕೆಳಗೆ, ಲಿಫ್ಟಿನ ಹಿಂದೆ, ನನಗೊಂದು ಕೋಣೆ ಕೊಟ್ಟಿದ್ದಾರೆ. ಬಿಲ್ಡಿಂಗಿನಲ್ಲಿ ಮಂಗಳೂರು ಉಡುಪಿ ಕಡೆಯವರು, ಕೇರಳದವರು, ಫಿಲಿಪಿನೋಗಳು, ಆಫ್ರಿಕಾದವರು ಎಲ್ಲ ಇದ್ದಾರೆ. ಎಲ್ಲರೂ ನನ್ನನ್ನು ಮಾತಾಡಿಸಿ ಹೋಗುತ್ತಿದ್ದರು. ಅವನು ಬಂದ ಮೇಲೆ ಗೇಟಿನಲ್ಲಿಯೇ ಅವರ ಮಾತೆಲ್ಲ ಮುಗಿಯತೊಡಗಿತು. ನನ್ನ ಹತ್ತಿರ ಬರುವಾಗ ನಲ್ಲಿಯ ದೂರು ಮಾತ್ರ ಉಳಿದಿರುತ್ತಿತ್ತು.

ಎರಡನೇ ಮಾಳಿಗೆಯಲ್ಲಿ ನಮ್ಮ ಕಡೆಯ ಕ್ರಿಶ್ಚನ್ ಹೆಂಗಸು ಒಬ್ಬರಿದ್ದಾರೆ, ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸು. ಅಂಥವರನ್ನು ನಾವು ಬಾಯಿ ಎಂದು ಕರೆಯುವುದು. ಒಂದು ದಿನ ನನ್ನ ಮುಖ ನೋಡಿ ಕೇಳಿದರು.

"ಎಂತ ಅಣ್ಣ, ಮುಖ ಹೀಗೆ ಊದಿದೆ? ಹಲ್ಲುನೋವಾ?"

"ಎಂತದೂ ಇಲ್ಲ ಬಾಯಿ."

"ಗೇಟಿನವರ ಹತ್ತಿರ ಸ್ವಲ್ಪ ನಗ್ಲಿಕ್ಕೆ ಕಲೀರಿ. ಅವರು ನನ್ನ ಮಗನಿಗೆ ಸಲಾಂ ಹೇಳ್ಲಿಕ್ಕೆ, ಬಲಗೈಯಲ್ಲಿ ವಸ್ತು ಕೊಡ್ಲಿಕ್ಕೆ ಎಲ್ಲ ಕಲಿಸಿದ್ದಾರೆ. ನಾನು ನಾಲ್ಕು ವರ್ಷದಿಂದ ಹೇಳಿದ್ದು ಅವನ ಕಿವಿಗೇ ಹೋಗಿರ್ಲಿಲ್ಲ."

ಬಲಗೈಯಲ್ಲಿ ಕೊಡಬೇಕು ಎಂದು ಆ ಹುಡುಗನಿಗೆ ನಾನೂ ಹೇಳಿದ್ದೆ. ಅದು ಬಾಯಿಗೆ ನೆನಪೇ ಇಲ್ಲ.

ಬಿಲ್ಡಿಂಗಿನ ಸುತ್ತ ಎಲ್ಲ ಸಿಮೆಂಟು ಇಟ್ಟಿಗೆ ಹಾಸಿದ್ದಾರೆ. ಮಣ್ಣು ಎಂದು ಇರುವುದು ಗೇಟಿನ ಬದಿಯ ಬೇವಿನ ಮರದ ಬುಡದಲ್ಲಿ ಮಾತ್ರ, ಒಂದು ಚಾಪೆಯಷ್ಟು ಜಾಗ. ಆ ಮರಕ್ಕೆ ಪೈಪಿನಲ್ಲಿ ನೀರು ಬಿಟ್ಟು ಸಾಕಿದ್ದು ನಾನು. ಅವನು ಬಂದ ಮೊದಲ ವಾರವೇ ಆ ಜಾಗ ಅವನದಾಯಿತು. ಬೆಳಿಗ್ಗೆ ಡ್ಯೂಟಿಗೆ ಬಂದ ಕೂಡಲೇ ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. ಅವನ ಎಲ್ಲ ಕೆಲಸವೂ ನಿಧಾನ. ಬೂಟು, ಸಾಕ್ಸು ಎರಡೂ ತೆಗೆದು ಬರಿಗಾಲಿನಲ್ಲಿ ಮರದ ಬುಡಕ್ಕೆ ಹೋಗಿ, ಸ್ಟೀಲಿನ ಲೋಟದಿಂದ ಸ್ವಲ್ಪ ಸ್ವಲ್ಪ ನೀರು ಬಿಡುತ್ತಾ ಮಾತಾಡುತ್ತಿದ್ದ. ಪ್ರಾರ್ಥನೆಯ ದನಿ ಅಲ್ಲ. ಮನೆಯ ಜಗಲಿಯಲ್ಲಿ ಕೂತವರಿಗೆ ಪೇಟೆಯ ಸುದ್ದಿ ಹೇಳುವ ಹಾಗೆ.

ನಾನು ಮೊದಲ ಸಲ ನೋಡಿದಾಗ ಕೇಳಿದೆ. ನಮ್ಮಿಬ್ಬರ ಭಾಷೆ ಅರ್ಧ ಇಂಗ್ಲಿಷು, ಸ್ವಲ್ಪ ಹಿಂದಿ, ಸ್ವಲ್ಪ ಅರಬಿ, ಉಳಿದದ್ದು ಕೈಸನ್ನೆ. ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಯಾರ ಹತ್ತಿರ ಮಾತಾಡುದು ಭಾಯ್? ಕೈಯಲ್ಲಿ ಫೋನು ಕಾಣುದಿಲ್ಲ."

"ಅಜ್ಜನ ಹತ್ತಿರ."

"ಅಜ್ಜ ಎಲ್ಲಿದ್ದಾರೆ?"

"ಸತ್ತು ತುಂಬ ಕಾಲ ಆಯ್ತು."

"ಸತ್ತದ್ದು ಊರಲ್ಲಿ ಅಲ್ವಾ? ಬಹರೈನಿಗೆ ಹೇಗೆ ಬಂದ್ರು?"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ನಾನು ಬಂದೆ ಅಲ್ವಾ? ನನ್ನ ಹಿಂದೆಯೇ ಬಂದ್ರು. ಅವರಿಗೆ ಎಂತ, ವೀಸಾ ಬೇಕಾ ಬ್ರದರ್?"

ಅವನಿಗೆ ಅದು ತಮಾಷೆ. ನನಗೆ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಯಾಕೆ ಎಂದು ಹೇಳಬೇಕಾದರೆ ನನ್ನ ಅಮ್ಮನ ವಿಷಯ ಹೇಳಬೇಕು.

ಕರಾವಳಿಯವರಿಗೆ ಗೊತ್ತಿರುತ್ತದೆ, ಉಳಿದವರಿಗಾಗಿ ಬರೆಯುತ್ತೇನೆ. ಆಟಿ ತಿಂಗಳಲ್ಲಿ, ಎಂದರೆ ಜುಲೈ ಆಗಸ್ಟಿನ ಹೊತ್ತಿಗೆ, ನಮ್ಮಲ್ಲಿ ತೀರಿಕೊಂಡ ಹಿರಿಯರಿಗೆ ಬಾಳೆಲೆ ಹಾಕಿ ಬಡಿಸುತ್ತೇವೆ. ಅವರನ್ನು ಕುಲೆಗಳು ಎನ್ನುತ್ತೇವೆ. ಕುಚ್ಚಲಕ್ಕಿ ಅನ್ನ, ಮೀನು, ಕೋಳಿ, ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದು. ಬಡಿಸಿ, ಹೆಸರು ಹೇಳಿ ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಅವರು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಆಮೇಲೆಯೇ ಒಳಗೆ ಹೋಗಬೇಕು. ಚಿಕ್ಕವನಿದ್ದಾಗ ಬಾಗಿಲ ಹೊರಗೆ ಅಮ್ಮನ ಸೆರಗು ಹಿಡಿದು ನಿಂತದ್ದು ನನಗೆ ನೆನಪಿದೆ. ಒಳಗಿನಿಂದ ಬೂತಾಯಿ ಮೀನಿನ ಪರಿಮಳ ಬರುತ್ತಿತ್ತು. ಅಮ್ಮ ಬಾಯಿಗೆ ಬೆರಳು ಇಟ್ಟು "ಶ್, ಅವರದ್ದು ಆಗ್ಲಿ" ಎನ್ನುತ್ತಿದ್ದಳು.

ಅಂಥ ಅಮ್ಮ ತೀರಿಕೊಂಡಾಗ ನನಗೆ ಹೋಗಲಾಗಲಿಲ್ಲ. ತಮ್ಮನೇ ಎಲ್ಲ ಮಾಡಿದ. ಆಮೇಲೆ ರಸ್ತೆ ಅಗಲ ಮಾಡುವಾಗ ನಮ್ಮ ಮನೆ ಹೋಯಿತು. ತಮ್ಮ ಫ್ಲ್ಯಾಟ್ ತೆಗೆದುಕೊಂಡ. ಆಟಿ ಬಂದಾಗ ನಾನು ಫೋನು ಮಾಡಿ ಕೇಳಿದೆ.

"ಅಮ್ಮನಿಗೆ ಎಲೆ ಹಾಕಿದ್ಯಾ?"

"ಅಣ್ಣ, ನಿಂಗೆ ಮರ್ಲಾ, ತಲೆ ಸರಿ ಇಲ್ವಾ? ಫ್ಲ್ಯಾಟಿನಲ್ಲಿ ಕುಲೆಗಳಿಗೆ ಬಡಿಸ್ಲಿಕ್ಕೆ ಆಗ್ತದಾ? ಪಕ್ಕದ ಮನೆಯವರು ಎಂತ ಗ್ರಹಿಸ್ಲಿಕ್ಕಿಲ್ಲ? ದೇವಸ್ಥಾನದಲ್ಲಿ ಒಂದು ಪೂಜೆ ಕೊಟ್ಟಾಗಿದೆ. ಸಾಕು ಬಿಡು."

ಹೀಗೆ ಎರಡು ಆಟಿ ಹೋಯಿತು. ಅಮ್ಮನಿಗೆ ಒಂದು ಎಲೆ ಬೀಳಲಿಲ್ಲ. ನಾನೇ ಇಲ್ಲಿ ಬಡಿಸೋಣ ಎಂದರೆ, ಕುಲೆಗಳು ಮನೆಯ ಹೊಸಿಲು ಬಿಟ್ಟು ಬರುವುದಿಲ್ಲ, ಉಪ್ಪುನೀರು ದಾಟುವುದೇ ಇಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಹೊಸಿಲಿನ ಮೇಲೆ ಈಗ ಲಾರಿ ಓಡುತ್ತಿದೆ. ನಡುವೆ ಅರಬೀ ಸಮುದ್ರ ಇದೆ. ನನ್ನ ಅಮ್ಮ ಹಸಿದುಕೊಂಡು ಎಲ್ಲಿ ನಿಂತಿದ್ದಾಳೋ ಎಂದು ಯೋಚಿಸುತ್ತ ನಾನು ಯಾರದೋ ಮನೆಯ ಗೀಸರ್ ಬಿಚ್ಚುತ್ತಿದ್ದೆ. ಇವನ ಅಜ್ಜನೋ, ವೀಸಾ ಇಲ್ಲದೆ ಬಂದು ನಾನು ಸಾಕಿದ ಮರದ ಬುಡದಲ್ಲಿ ದಿನಾಲೂ ನೀರು ಕುಡಿದು ಹೋಗುತ್ತಿದ್ದ! ಹೊಟ್ಟೆ ಉರಿಯದೆ ಇರುತ್ತದೆಯೇ ನೀವೇ ಹೇಳಿ.

ಅವನಿಗೆ ಹೆಸರುಗಳೂ ಗೊತ್ತಿದ್ದವು. ಅಜ್ಜ, ಅಜ್ಜನ ಸೋದರಮಾವ, ಅವನ ಅಮ್ಮ, ಅವಳ ಅಮ್ಮ, ಹೀಗೆ ಒಂದೊಂದು ಹೆಸರಿಗೆ ಒಂದೊಂದು ಹನಿ ನೀರು ಬಿಡುತ್ತ ಎಷ್ಟೋ ತಲೆಮಾರು ಹಿಂದೆ ಹೋಗುತ್ತಿದ್ದ. ನನಗೆ ಅಜ್ಜಿಯ ಹೆಸರಿನ ಆಚೆ ಗೊತ್ತಿಲ್ಲ. ನಾಚಿಕೆಯಾಗಿ ಊರಿನ ದೊಡ್ಡಮ್ಮನಿಗೆ ಫೋನು ಮಾಡಿ ಅಜ್ಜಿಯ ಅಮ್ಮನ ಹೆಸರು ಎಂತ ಎಂದು ಕೇಳಿದೆ. ದೊಡ್ಡಮ್ಮ, "ಈಗ ಎಂತಕ್ಕೆ ಮಗ ಅದು? ಜಾಗದ ವಿಷಯ ಎಂತಾದ್ರೂ ಉಂಟಾ?" ಎಂದಳು.

ಅವನದೂ ಮೀನು ಹಿಡಿಯುವ ಕುಲ, ನಮ್ಮ ಹಾಗೆಯೇ. ಅವನ ಊರಿನಲ್ಲಿ ಮಂಗಳವಾರ ಸಮುದ್ರಕ್ಕೆ ಇಳಿಯುವುದಿಲ್ಲ. ಅದು ಸಮುದ್ರದ ರಜಾದಿನವಂತೆ. ಶುಕ್ರವಾರ ರಜೆ ಇದ್ದಾಗ ನಾವಿಬ್ಬರೂ ಬಸ್ಸಿನಲ್ಲಿ ಮುಹರ್ರಕ್‌ಗೆ ಹೋಗಿ ಕಲ್ಲುದಂಡೆಯ ಮೇಲೆ ಕೂತು ಗಾಳ ಹಾಕುತ್ತಿದ್ದೆವು. ಒಂದು ವಾರ ಹಬ್ಬದ ರಜೆ ಮಂಗಳವಾರ ಬಂತು. ನಾನು ಗಾಳ ತೆಗೆದೆ. ಅವನು ಬಂದ, ಪಕ್ಕದಲ್ಲೇ ಕೂತ, ನೀರಿಗೆ ಕಾಲನ್ನೂ ಇಳಿಬಿಡಲಿಲ್ಲ.

"ಇದು ನಿಮ್ಮ ಸಮುದ್ರ ಅಲ್ವಲ್ಲ ಮಾರಾಯ, ಅರಬಿಗಳದ್ದು," ಎಂದೆ.

"ನೀರಿಗೆ ಗೋಡೆ ಕಟ್ಟಿದ್ದಾರಾ? ಇದೇ ನೀರು ತಿರುಗಿ ತಿರುಗಿ ನಮ್ಮೂರಿಗೂ ಹೋಗ್ತದೆ. ನೀನು ಹಿಡಿ. ನಿನ್ನ ಸಮುದ್ರ ನಿನಗೆ ರಜೆ ಕೊಡ್ಲಿಲ್ಲ, ಪಾಪ."

ಆ ದಿನ ನನಗೆ ಒಂದು ಮೀನೂ ಸಿಗಲಿಲ್ಲ. ಅವನು ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಅವನ ದೇಶದವರೆಲ್ಲ ಅವನ ಹಾಗೆ ಇದ್ದರು ಎಂದಲ್ಲ. ಮೂರನೇ ಮಾಳಿಗೆಯಲ್ಲಿ ಘಾನಾದ್ದೇ ಒಂದು ಗಂಡ ಹೆಂಡತಿ ಇದ್ದರು. ಗಂಡ ಹೋಟೆಲಿನಲ್ಲಿ ಕೆಲಸ, ಒಂದು ಪ್ರಾರ್ಥನಾ ಗುಂಪಿನಲ್ಲಿ ಮುಂದಾಳು. ಆ ಮುಂದಾಳು ಗೇಟಿನಲ್ಲಿ ನಿಂತು ಒಂದು ದಿನ ಇವನಿಗೆ ಬೈಯುವುದನ್ನು ನಾನೇ ಕೇಳಿದ್ದೇನೆ. "ಅಂಕಲ್, ಈ ಮರದ ಬುಡದ ಕೆಲಸ ಬಿಡಿ. ಇದು ಸೈತಾನನ ಪೂಜೆ. ಬೇರೆಯವರೆಲ್ಲ ನೋಡ್ತಾರೆ, ನಮ್ಮ ಮರ್ಯಾದೆ ಹೋಗ್ತದೆ."

ಇವನು ಸಿಟ್ಟಾಗಲಿಲ್ಲ. "ಶುಕ್ರವಾರ ಚರ್ಚಿಗೆ ನಾನೂ ಬರ್ತೇನೆ, ನಿನ್ನ ಹಿಂದಿನ ಬೆಂಚಿನಲ್ಲೇ ಕೂತ್ಕೊಳ್ತೇನೆ. ದೇವರಿಗೆ ಎಷ್ಟೊಂದು ಜನ ಇದ್ದಾರೆ ಮಗಾ. ನನ್ನ ಅಜ್ಜನಿಗೆ ಈ ಊರಲ್ಲಿ ನಾನೊಬ್ಬನೇ," ಎಂದ.

ಆಮೇಲೆ ಆ ಮನೆಯಲ್ಲಿ ಮಗು ಹುಟ್ಟಿತು. ಹೆಸರಿಡುವ ದಿನ ಬೆಳಿಗ್ಗೆ ಅದೇ ಮುಂದಾಳು ಕೆಳಗೆ ಬಂದು, ಅತ್ತ ಇತ್ತ ನೋಡಿ, ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ. "ಅಂಕಲ್, ಸ್ವಲ್ಪ ಮೇಲೆ ಬರ್ತೀರಾ? ಊರಿನಿಂದ ಅಮ್ಮ ಫೋನಿನಲ್ಲಿ ಅಳ್ತಿದ್ದಾಳೆ. ಹಿರಿಯರಿಗೆ ಹೇಳದೆ ಹೆಸರಿಟ್ರೆ ಮಗು ನಿಲ್ಲುದಿಲ್ಲ ಅಂತ ಹೇಳ್ತಾಳೆ."

ಅದೇ ಹೊತ್ತಿಗೆ ಅವರ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತ್ತು, ಹಾಗಾಗಿ ನಾನೂ ಮೇಲೆ ಹೋದೆ. ಸಿಂಕಿನ ಕೆಳಗಿನಿಂದ ನೋಡಿದೆ. ಸೂಟು ಹಾಕಿದವರು, ದೊಡ್ಡ ದೊಡ್ಡ ಕೆಲಸದವರು ಎಲ್ಲ ನಿಂತಿದ್ದರು. ಸೆಕ್ಯೂರಿಟಿ ಯೂನಿಫಾರಂ ಹಾಕಿದ ಇವನು ಸೋಫಾದ ನಡುವೆ ಕೂತಿದ್ದ. ಮಗುವನ್ನು ತೊಡೆಯಲ್ಲಿಟ್ಟುಕೊಂಡು ಬೆರಳನ್ನು ನೀರಿನಲ್ಲಿ ಅದ್ದಿ ಅದರ ನಾಲಿಗೆಗೆ ಮುಟ್ಟಿಸಿ, ನೀರನ್ನು ಕಂಡರೆ ನೀರು ಎಂದೇ ಹೇಳು ಎಂದ. ಆಮೇಲೆ ಮಾಲ್ಟಿನ ಪಾನೀಯ ಮುಟ್ಟಿಸಿ, ಇದನ್ನು ಕಂಡರೆ ಇದನ್ನೇ ಹೇಳು ಎಂದ. ಮಗು ಸುಳ್ಳು ಕಲಿಯಬಾರದು ಎಂದು ಅವರಲ್ಲಿ ಹಾಗೆ ಮಾಡುವುದಂತೆ. ಬೈದಿದ್ದ ಆ ಮುಂದಾಳು ಕೈಮುಗಿದು ನಿಂತಿದ್ದ. ನಮ್ಮೂರಿನಲ್ಲಿ ದೊಡ್ಡ ಮನೆಯ ಯಜಮಾನರಿಗೆ ಸಿಗುವ ಮರ್ಯಾದೆ ಅದು. ನಾನು ಪೈಪಿನಿಂದ ಜಿಡ್ಡಿನ ಉಂಡೆ ಎಳೆದು ತೆಗೆದು ಕೆಳಗೆ ಬಂದೆ. ಇಬ್ಬರದೂ ಒಂದೇ ಬಿಲ್ಡಿಂಗು, ಒಂದೇ ಬಿಸಿಲು. ಆದರೆ ಅವನ ಹಿಂದೆ ಒಂದು ದೊಡ್ಡ ಮನೆ ನಿಂತಿತ್ತು, ನನ್ನ ಹಿಂದೆ ಏನೂ ಇರಲಿಲ್ಲ.

ಮೂರನೆಯ ಆಟಿ ಬಂತು. ಒಂದು ಬೆಳಿಗ್ಗೆ ಬಿಸಿಲು ಆಗಲೇ ಕಣ್ಣಿಗೆ ಹೊಡೆಯುತ್ತಿತ್ತು. ಅವನು ನೀರು ಬಿಡುತ್ತಿದ್ದ. ನಾನು ಟೂಲ್ ಬ್ಯಾಗು ಹಿಡಿದು ದಾಟುವಾಗ, ತಲೆ ಎತ್ತದೆ ಕೇಳಿದ.

"ಬ್ರದರ್, ನಿನ್ನ ಅಮ್ಮನ ಹೆಸರು ಎಂತ?"

ಸುಮ್ಮನೆ ಕೇಳುತ್ತಾನೆ ಎಂದುಕೊಂಡು ಹೇಳಿದೆ. ಅವನು ಲೋಟದಲ್ಲಿ ಉಳಿದ ನೀರನ್ನು ಮಣ್ಣಿಗೆ ಬಿಟ್ಟು, ನನ್ನ ಅಮ್ಮನ ಹೆಸರು ಕರೆದ. ಸ್ಪಷ್ಟವಾಗಿ, ದೊಡ್ಡ ದನಿಯಲ್ಲಿ, ಅವನ ಅಜ್ಜಿಯರ ಹೆಸರಿನ ಸಾಲಿನಲ್ಲಿ.

ನಾನು ಬ್ಯಾಗು ನೆಲಕ್ಕೆ ಹಾಕಿ ಕೂಗಿದೆ. "ಯಾರು ಹೇಳಿದ್ದು ನಿಂಗೆ ಕರೀಲಿಕ್ಕೆ? ಅವಳು ನನ್ನ ಅಮ್ಮ! ನಮ್ಮಲ್ಲಿ ಅದಕ್ಕೆ ಕ್ರಮ ಉಂಟು. ಸ್ನಾನ ಮಾಡ್ಬೇಕು, ಎಲೆ ಹಾಕ್ಬೇಕು, ಮಗನೇ ಕರೀಬೇಕು!"

"ಹಾಗಾದ್ರೆ ಮಗ ಯಾಕೆ ಕರೀಲಿಲ್ಲ?"

"ಅವಳು ಸಮುದ್ರ ದಾಟಿ ಬರುದಿಲ್ಲ."

"ನಿನಗೆ ಬಾಯಾರಿಕೆ ಆದಾಗ ಊರಲ್ಲಿ ಅವಳು ಎಷ್ಟು ದೂರ ನೀರು ಹೊತ್ತು ತರ್ತಿದ್ಲು ಅಂತ ನೀನೇ ಹೇಳಿದ್ದು," ಎಂದ. "ಅಂಥವಳು ಈಗ ಸಮುದ್ರಕ್ಕೆ ಹೆದರ್ತಾಳಾ?"

ನಾನು ಬ್ಯಾಗು ಎತ್ತಿಕೊಂಡು ಒಳಗೆ ಹೋದೆ. ವಾರ ಇಡೀ ಅವನ ಹತ್ತಿರ ಮಾತಾಡಲಿಲ್ಲ. ಸಿಟ್ಟು ಎಂತದಕ್ಕೆ ಎಂದರೆ, ಬಹರೈನಿನ ಮಣ್ಣಿನಲ್ಲಿ ನನ್ನ ಅಮ್ಮನಿಗೆ ಮೊದಲ ನೀರು ಅವನ ಕೈಯಿಂದ ಸಿಕ್ಕಿತು. ನನ್ನ ಕೈಯಿಂದ ಅಲ್ಲ. ಅವಳು ಬಂದಿದ್ದರೆ ಅವನ ಮಾತಿಗೆ ಬಂದಳು. ನನಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ನಾನೇ ಬಡಿಸುತ್ತೇನೆ, ಅವನಿಗಿಂತ ಸರಿಯಾಗಿ ಬಡಿಸುತ್ತೇನೆ ಎಂದು ಮನಸ್ಸಿನಲ್ಲೇ ಹಟ ಕಟ್ಟಿದೆ.

ಕೋಲ್ಡ್ ಸ್ಟೋರ್, ಎಂದರೆ ಇಲ್ಲಿಯ ದಿನಸಿ ಅಂಗಡಿ, ನಡೆಸುವ ಬ್ಯಾರಿಗಳು ನಮ್ಮ ಕರಾವಳಿಯ ಮುಸಲ್ಮಾನರೇ. ಅವರ ಅಂಗಡಿಯಲ್ಲಿ ಕೇರಳದಿಂದ ಬಂದ ಬಾಳೆಲೆ ಸಿಕ್ಕಿತು, ಕುಚ್ಚಲಕ್ಕಿ ಸಿಕ್ಕಿತು, ಒಮಾನಿನ ಬೂತಾಯಿ ಸಿಕ್ಕಿತು. ಧೂಪಕ್ಕೆ ಕೆಂಡ ಬೇಕಲ್ಲ ಎಂದಾಗ ಅವರು ಹುಕ್ಕಾಕ್ಕೆ ಮಾರುವ ಇದ್ದಲಿನ ಬಿಲ್ಲೆ ಕೊಟ್ಟರು. "ಇದು ಬೇಗ ಹತ್ತಿಕೊಳ್ತದೆ, ಕಡ್ಡಿ ಗೀರಿದ್ರೆ ಸಾಕು," ಎಂದರು. ಬೂತಾಯಿ ಎಣ್ಣೆಯಲ್ಲಿ ಕಾಯಿಸಿದೆ, ಹುಳಿಖಾರ ಅರೆದು ಪುಳಿಮುಂಚಿ ಸಾರು ಮಾಡಿದೆ. ಅಮ್ಮನಿಗೆ ಬೂತಾಯಿಯ ತಲೆ ಇಷ್ಟ, ತಲೆ ಬೇರೆಯಾಗಿ ತೆಗೆದಿಟ್ಟೆ. ಊಟದ ನಂತರ ಹಾಕಲು ಎಲೆ ಅಡಿಕೆ ಇಟ್ಟೆ. ಸ್ನಾನ ಮಾಡಿ, ಲಿಫ್ಟಿನ ಹಿಂದಿನ ನನ್ನ ಕೋಣೆಯಲ್ಲಿ ಎಲೆ ಹಾಕಿ, ಅಮ್ಮಾ ಬಾ ಎಂದು ಕರೆದು, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ನಿಂತೆ.

ನಮ್ಮ ಊರಿನ ಮನೆಗಳಲ್ಲಿ ಹಂಚಿನ ಸಂದಿಯಿಂದ ಹೊಗೆ ಹೋಗುತ್ತದೆ. ಬಹರೈನಿನ ಕೋಣೆಯ ಸೂರಿನಲ್ಲಿ ಹೊಗೆ ಹಿಡಿಯುವ ಅಲಾರಮ್ ಇದೆ. ಅದರ ಬ್ಯಾಟರಿ ಬದಲಿಸುವವನೇ ನಾನು. ಆದರೂ ಆ ಹೊತ್ತಿಗೆ ಅದು ನನ್ನ ತಲೆಗೆ ಬರಲೇ ಇಲ್ಲ.

ಒಮ್ಮೆಲೇ ಇಡೀ ಬಿಲ್ಡಿಂಗು ಕಿರುಚತೊಡಗಿತು. ಬಾಗಿಲುಗಳು ತೆರೆದವು. ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು. ಫಿಲಿಪಿನೋ ಹುಡುಗಿಯರು ತಲೆಗೆ ಟವೆಲು ಕಟ್ಟಿಕೊಂಡೇ ಇಳಿದರು. ನರ್ಸು ಬಾಯಿ ಮಗನನ್ನು ಎತ್ತಿಕೊಂಡು ಬಂದರು. ಅವನು ಗೇಟಿನಿಂದ ಓಡಿ ಬಂದ. ಅವನು ಓಡಿದ್ದನ್ನು ನಾನು ಮೊದಲ ಸಲ ನೋಡಿದೆ. ಅಲಾರಮ್ಮಿನ ಪೆಟ್ಟಿಗೆಯಲ್ಲಿ ನನ್ನ ಕೋಣೆಯ ನಂಬರಿನ ಕೆಂಪು ದೀಪ ಉರಿಯುತ್ತಿತ್ತು. ಅಲಾರಮ್ ಆದರೆ ಕೀ ಹಾಕಿ ಬಾಗಿಲು ತೆರೆದು ನೋಡುವುದು ಅವನ ಡ್ಯೂಟಿ. ತಡ ಮಾಡಿದರೆ ಕೆಲಸಕ್ಕೇ ಸಂಚಕಾರ.

ನಾನು ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಂತೆ. "ಅಮ್ಮ," ಎಂದೆ. "ಈಗಷ್ಟೇ ಕೂತಿದ್ದಾಳೆ."

ಅವನು ನನ್ನನ್ನು ನೋಡಿದ. ನನ್ನ ಒದ್ದೆ ತಲೆ, ಸೊಂಟದ ಬಿಳಿ ಪಂಚೆ ನೋಡಿದ. ಆಮೇಲೆ ಬಗ್ಗಿ, ಬಾಗಿಲಿನ ಮೇಲೆ ಅಂಗೈ ಇಟ್ಟು ಬಿಸಿ ಇದೆಯೇ ಎಂದು ಮುಟ್ಟಿದ. ಕೆಳಗಿನ ಸಂದಿಗೆ ಮೂಗು ಕೊಟ್ಟು ಮೂಸಿದ. ಎದ್ದು ಕೀಯನ್ನು ತಿರುಗಿ ಜೇಬಿಗೆ ಹಾಕಿಕೊಂಡ. ಪೆಟ್ಟಿಗೆಯ ಹತ್ತಿರ ಹೋಗಿ ಕಿರುಚಾಟ ನಿಲ್ಲಿಸಿ, ಬಂದು ನನ್ನ ಪಕ್ಕದಲ್ಲಿ ನಿಂತ.

"ಎಂತ ಆಯ್ತು? ಬೆಂಕಿಯಾ?" ಬಾಯಿ ಕೇಳಿದರು.

"ಇಲ್ಲ ಸಿಸ್ಟರ್. ಧೂಪದ ಹೊಗೆ. ಒಳಗೆ ಒಬ್ಬರು ಊಟ ಮಾಡ್ತಿದ್ದಾರೆ."

"ಯಾರು?"

"ಇವನ ಅಮ್ಮ."

ನನ್ನ ಅಮ್ಮ ತೀರಿಕೊಂಡದ್ದು ನರ್ಸು ಬಾಯಿಗೆ ಗೊತ್ತು. ಅವರು ನನ್ನ ಪಂಚೆ ನೋಡಿದರು, ಮುಚ್ಚಿದ ಬಾಗಿಲು ನೋಡಿದರು. ಆಮೇಲೆ ಮಗನ ಬಾಯಿಗೆ ಬೆರಳು ಇಟ್ಟು, "ಶ್," ಎಂದರು. ಹಿಂದೆ ಇದ್ದವರಿಗೆ ಏನು ಅರ್ಥವಾಯಿತೋ, ಅವರೂ ದನಿ ತಗ್ಗಿಸಿದರು. ಇಪ್ಪತ್ತು ಮೂವತ್ತು ಜನ, ಬೇರೆ ಬೇರೆ ದೇಶದವರು, ಚಪ್ಪಲಿಯಲ್ಲಿ, ಟವೆಲಿನಲ್ಲಿ, ನನ್ನ ಅಮ್ಮ ಉಂಡು ಏಳುವವರೆಗೆ ಲಿಫ್ಟಿನ ಎದುರು ಸುಮ್ಮನೆ ನಿಂತರು. ಊರಿನಲ್ಲಿ ಇದ್ದಿದ್ದರೆ ತಮ್ಮ ಒಬ್ಬ ನಿಲ್ಲುತ್ತಿದ್ದನೋ ಇಲ್ಲವೋ.

"ನೀವು ಬಾಗಿಲು ಯಾಕೆ ಮುಚ್ಚುದು?" ಅವನು ಪಿಸುಮಾತಿನಲ್ಲಿ ಕೇಳಿದ. "ನಮ್ಮಲ್ಲಿ ಎಲ್ಲ ಬಯಲಲ್ಲಿ."

"ಅಮ್ಮನಿಗೆ ನಾಚಿಕೆ. ನಮ್ಮ ಮನೆಯಲ್ಲಿ ಹೆಂಗಸರು ಎಲ್ಲರ ಎದುರು ಕೂತು ಉಂಡದ್ದೇ ಇಲ್ಲ."

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತಿನ ನಂತರ, "ಈಗ ತಟ್ಟು," ಎಂದ. "ಆಯ್ತು ಅವಳದ್ದು."

ತಟ್ಟಿ ತೆರೆದೆ. ಎಲೆ ನಾನು ಬಡಿಸಿದ ಹಾಗೆಯೇ ಇತ್ತು. ಅನ್ನ ಹಾಗೆಯೇ, ಮೀನಿನ ತಲೆ ಹಾಗೆಯೇ. ನಾನು ಬಗ್ಗಿ ಒಂದು ಗುರುತು, ಒಂದು ಅಗುಳು ಆಚೀಚೆ ಆಗಿದೆಯೇ ಎಂದು ಹುಡುಕಿದೆ. ಅವನು ಹೊಸಿಲಿನ ಹೊರಗೇ ನಿಂತಿದ್ದ, ಒಳಗೆ ಇಣುಕಿಯೂ ನೋಡಲಿಲ್ಲ.

"ನಿಂಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ಎಂತದು?"

"ಅವಳದ್ದು ಆಯ್ತು ಅಂತ."

"ಗೊತ್ತಾಗ್ತದಲ್ಲ ಬ್ರದರ್," ಎಂದ, ಅದೂ ಒಂದು ಕೇಳುವ ವಿಷಯವೇ ಎನ್ನುವ ಹಾಗೆ.

ನನ್ನ ಅಮ್ಮ ಉಂಡದ್ದು ಅವನಿಗೆ ಗೊತ್ತಾಯಿತು. ನನಗೆ ಗೊತ್ತಾಗಲಿಲ್ಲ. ಆ ದಿನ ಅವನ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಬಂದಿಲ್ಲ. ಆ ದಿನ ಬಂದಷ್ಟು ಪ್ರೀತಿಯೂ ಬಂದಿಲ್ಲ.

ಬಾಗಿಲು ತೆರೆಯಲು ತಡ ಮಾಡಿದ್ದಕ್ಕೆ ಅವನ ಕಂಪೆನಿಯ ಸೂಪರ್‌ವೈಸರ್ ಬಂದು ಎಲ್ಲರ ಎದುರು ಬೈದ. ಇನ್ನೊಮ್ಮೆ ಹೀಗಾದರೆ ಊರಿಗೆ ಕಳಿಸುತ್ತೇನೆ ಎಂದ. ಅವನು "ಓಕೆ ಸರ್, ಓಕೆ ಸರ್," ಎಂದು ಕೇಳಿಸಿಕೊಂಡ. ಆಮೇಲೆ ನನ್ನ ಕೋಣೆಗೆ ಬಂದು, ಆ ಎಲೆಯ ಊಟದಲ್ಲಿ ಪಾಲು ತೆಗೆದುಕೊಂಡು ಉಂಡ. ಮೊದಲ ತುತ್ತು ಅಜ್ಜನಿಗೆ ಎಂದು ನೆಲಕ್ಕೆ ಇಟ್ಟ. ಬೂತಾಯಿಯ ಸಣ್ಣ ಮುಳ್ಳನ್ನೂ ಬಿಡದೆ, ಹೊಳೆ ದಾಟುವವನ ಹಾಗೆ ನಿಧಾನವಾಗಿ ಉಣ್ಣುತ್ತಲೇ ಇದ್ದ. ನನ್ನದು ಮುಗಿದು ಕೈ ಒಣಗಿತ್ತು, ಅವನದು ಅರ್ಧವೂ ಆಗಿರಲಿಲ್ಲ.

ಆರು ತಿಂಗಳ ಹಿಂದೆ ಅವನ ಸೋದರಮಾವ ತೀರಿಕೊಂಡರು. ಅವರಲ್ಲಿಯೂ ನಮ್ಮ ಹಾಗೆ ಅಳಿಯಕಟ್ಟು. ಮಾವನ ನಂತರ ಮನೆತನದ ಹಿರಿಯನ ಜಾಗ ಇವನದು. ಊರಿನಿಂದ ಕರೆ ಬಂತು, ಬಂದು ಕೂತುಕೋ, ಹಿರಿಯರಿಗೆ ನೀರು ಬಿಡಲು ಜನ ಇಲ್ಲ ಎಂದು. ಅವನು ಆ ದಿನವೇ ಕೆಲಸಕ್ಕೆ ರಾಜೀನಾಮೆ ಹೇಳಿದ. ನನ್ನನ್ನು ಮಾತ್ರ ಯಾರೂ ಕರೆಯಲಿಲ್ಲ. ಕರೆದರೂ ಕೂರಲು ಮನೆ ಇಲ್ಲ.

ಮುಹರ್ರಕ್‌ನ ವಿಮಾನ ನಿಲ್ದಾಣಕ್ಕೆ ನಾನೇ ಬಿಡಲು ಹೋದೆ. ಒಳಗೆ ಹೋಗುವ ಮೊದಲು ಅವನು ಹೊರಗಿನ ಹೂವಿನ ಗಿಡದ ಬದಿಯಲ್ಲಿ ಬೂಟು ಬಿಚ್ಚಿ, ಬಾಟಲಿಯ ನೀರು ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ಗೇಟಿನ ಮರಕ್ಕೆ ಇನ್ನು ನೀನು ಬಿಡು."

"ನಿನ್ನ ಅಜ್ಜನವರಿಗೆ ನನ್ನ ಭಾಷೆ ಅರ್ಥ ಆಗ್ಬೇಕಲ್ಲ?"

"ಇಷ್ಟು ವರ್ಷ ನೀನು ನನಗೆ ತುಳುವಿನಲ್ಲಿ ಬೈದದ್ದೆಲ್ಲ ಅವರು ಕೇಳಿದ್ದಾರೆ," ಎಂದ. "ಚೆನ್ನಾಗಿ ಬರ್ತದೆ ಅವರಿಗೆ."

ಅದೇ ಅವನ ಕೊನೆಯ ಮಾತು. ಹೋಗಿ ಹಿರಿಯನ ಜಾಗದಲ್ಲಿ ಕೂತನಂತೆ. ಮಳೆ ಶುರುವಾಗುವ ಹೊತ್ತಿಗೆ ಜ್ವರ ಬಂತಂತೆ. ಮೂರನೇ ಮಾಳಿಗೆಯ ಮುಂದಾಳು ಇಳಿದು ಬಂದು ನನಗೆ ಸುದ್ದಿ ಹೇಳಿ, ಗೇಟಿನ ಖಾಲಿ ಕುರ್ಚಿಯ ಪಕ್ಕ ನಿಂತು ಕಣ್ಣು ಒರೆಸಿಕೊಂಡ. ಆ ದಿನ ಮರದ ಬುಡಕ್ಕೆ ನೀರು ಬಿಟ್ಟದ್ದು ನಾವಿಬ್ಬರೂ ಸೇರಿ. ಹೆಸರು ಕರೆದದ್ದು ನಾನು. ಇದೊಂದನ್ನು ಅವನ ದೇಶದವನಿಗಿಂತ ಮೊದಲು ನಾನು ಮಾಡಿದೆ ಎಂದು ನನಗೆ ಒಳಗೊಳಗೇ ಸಂತೋಷವಾಯಿತು.

ಈಗ ಮತ್ತೆ ಆಟಿ ಬಂದಿದೆ. ಹೋದ ವಾರ ಬಡಿಸಿದೆ. ಈ ಸಲ ಎರಡು ಎಲೆ, ಅಮ್ಮನದೊಂದು, ಅವನದೊಂದು. ಕೆಂಡ ಇಡಲಿಲ್ಲ, ಊದುಬತ್ತಿ ಒಂದೇ. ಇಬ್ಬರ ಹೆಸರೂ ಕರೆದು, ಬಾಗಿಲು ಮುಚ್ಚಿ, ಲಿಫ್ಟಿನ ಎದುರು ನಿಂತೆ. ಒಳಗೆ ಎಂತ ನಡೆಯುತ್ತಿರಬಹುದು ಎಂದು ನನಗೆ ಕಾಣುತ್ತಲೇ ಇತ್ತು. ಹೊರಗಿನಿಂದ ಬಂದವರಿಗೆ ಮೊದಲು ಬಡಿಸುವುದು ಅಮ್ಮನ ಅಭ್ಯಾಸ. ನನಗೆ ಇಟ್ಟ ತುಂಡನ್ನೂ ತೆಗೆದು ಅವರಿಗೆ ಹಾಕುತ್ತಿದ್ದಳು. ದೊಡ್ಡ ಬೂತಾಯಿ ಖಂಡಿತ ಅವನ ಎಲೆಗೇ ಹೋಗಿರುತ್ತದೆ. ಅವನು ಬಲಗೈ ಚಾಚಿ ತೆಗೆದುಕೊಂಡು, ಮೊದಲ ತುತ್ತು ನೆಲಕ್ಕಿಟ್ಟು, ಅವಳಿಗೆ ನನ್ನ ಸುದ್ದಿ ಹೇಳುತ್ತಿರುತ್ತಾನೆ. ಅವಳು ನಾಚಿಕೆ ಬಿಟ್ಟು ನಗುತ್ತಿರುತ್ತಾಳೆ. ನಾನು ಮಾತ್ರ ಬಾಗಿಲ ಹೊರಗೆ.

ತಟ್ಟಲು ಕೈ ಎತ್ತಿದವನು ಇಳಿಸಿದೆ. ಅವನು ಉಣ್ಣುವುದು ನಿಧಾನ. ಇನ್ನೂ ಸ್ವಲ್ಪ ಹೊತ್ತು ಕಾದೆ.

ಇಷ್ಟು ಬರೆಯಲು ನನಗೆ ಒಂದು ವಾರ ಬೇಕಾಯಿತು. ಊರು ಬಿಟ್ಟು ಬಂದು, ಬಾಡಿಗೆಯ ಕೋಣೆಯಲ್ಲಿ, ಕ್ಯಾಂಪಿನಲ್ಲಿ, ಫ್ಲ್ಯಾಟಿನಲ್ಲಿ ಹಿರಿಯರಿಗೆ ಬಡಿಸುವವರು ನಿಮ್ಮಲ್ಲಿಯೂ ಇರಬಹುದು. ನೀವು ಹೇಗೆ ಮಾಡುತ್ತೀರಿ, ದಯವಿಟ್ಟು ಬರೆದು ತಿಳಿಸಿ, ನಾಚಿಕೆ ಮಾಡಬೇಡಿ. ಮುಖ್ಯವಾಗಿ ನನಗೆ ಬೇಕಾದದ್ದು ಒಂದೇ. ಅವರದ್ದು ಊಟ ಆಯಿತು ಎಂದು ಬಾಗಿಲ ಹೊರಗೆ ನಿಂತ ನಿಮಗೆ ಹೇಗೆ ಗೊತ್ತಾಗುತ್ತದೆ?